ಹುಲಿ ಮುಖದ ಗೆರೆ ನುಣುಪಾಗಿ ಬರುತ್ತಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಕರ್ವ್ ಎಳೆಯಲು ಕಲಿಯುವುದು ಹೇಗೆ?

ಕಿನ್ನಿಮೂಲ್ಕಿ ಹುಡುಗಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಕಿನ್ನಿಮೂಲ್ಕಿಯಲ್ಲಿ ನಮ್ಮ ಮಾವನ ರೇಡಿಯಂ ಕಟಿಂಗ್ ಅಂಗಡಿ ಉಂಟು. ಬೈಕಿನ ಸ್ಟಿಕ್ಕರ್, ಬಸ್ಸಿನ ಗಾಜಿನ ಮೇಲಿನ ಹೆಸರು, ಮಲ್ಪೆಯ ಬೋಟುಗಳ ಹೆಸರು, ಇದೇ ಕೆಲಸ. ಡಿಗ್ರಿ ಮುಗಿದ ಮೇಲೆ ಕಂಪ್ಯೂಟರ್ ಕೆಲಸ ಪೂರ್ತಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಚಿತ್ರ ಎಳೆಯಲು ಬಳಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್.

ಅಷ್ಟಮಿ ಹತ್ತಿರ ಬಂತು. ವಿಟ್ಲಪಿಂಡಿ ಉತ್ಸವಕ್ಕೆ ವೇಷ ಹಾಕುವ ಹುಲಿ ತಂಡದವರು ಹುಲಿ ಮುಖದ ಸ್ಟಿಕ್ಕರ್ ಕೇಳುತ್ತಿದ್ದಾರೆ. ಅವರು ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸುತ್ತಾರೆ. ನಾನು ಅದನ್ನು ಟ್ರೇಸ್ ಬಿಟ್‌ಮ್ಯಾಪ್ ಮಾಡಿ (ಚಿತ್ರದ ಅಂಚನ್ನು ಸಾಫ್ಟ್‌ವೇರೇ ಗೆರೆಯಾಗಿ ಹಿಡಿಯುವುದು) ರೇಡಿಯಂ ಕೊಯ್ಯುವ ಪ್ಲಾಟರ್ ಮೆಷಿನ್‌ಗೆ ಕೊಡುತ್ತೇನೆ. ಸ್ಕ್ರೀನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಟ್ ಆಗುವಾಗ ಮಾತ್ರ ಪ್ಲಾಟರ್ ತಡೆದು ತಡೆದು ಓಡುತ್ತದೆ, ಅಂಚು ಗರಗಸದ ಹಲ್ಲಿನ ಹಾಗೆ ಬರುತ್ತದೆ. ಸುತ್ತಲಿನ ರೇಡಿಯಂ ಕೀಳುವಾಗ ಮೀಸೆ, ಪಟ್ಟೆ ಎಲ್ಲ ಹರಿದು ಹೋಗುತ್ತದೆ. ಕೆಳಗಿನ ಪಟ್ಟಿಯಲ್ಲಿ ನೋಡಿದರೆ ಒಂದು ಮುಖಕ್ಕೆ ಸಾವಿರಕ್ಕಿಂತ ಜಾಸ್ತಿ ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕೆಗಳು!

ನನಗೆ ಇದನ್ನು ಕೈಯಾರೆ ಎಳೆಯಲು ಕಲಿಯಬೇಕು ಅಂತ ಆಸೆ. ಪೆನ್ ಟೂಲ್ ಹಿಡಿದರೆ ಗೆರೆ ನಾನು ಹೇಳಿದ ಕಡೆ ಹೋಗುವುದಿಲ್ಲ. ನೋಡ್ ಎಲ್ಲಿ ಇಡಬೇಕು, ಗೆರೆ ಬಗ್ಗಿಸಲು ನೋಡ್‌ನಿಂದ ಹೊರಡುವ ಕಡ್ಡಿಯನ್ನು, ಅಂದರೆ ಹ್ಯಾಂಡಲ್ ಅನ್ನು, ಎಷ್ಟು ಎಳೆಯಬೇಕು ಅಂತ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಂಪನಕಟ್ಟೆ ಪ್ರಿಂಟಿಂಗ್

ಇಷ್ಟಕ್ಕೆ ಎಳೆಯುವುದು ಯಾಕೆ? ಟ್ರೇಸ್ ಮಾಡಿದ ಮೇಲೆ ಕಂಟ್ರೋಲ್ ಮತ್ತು ಎಲ್ ಒತ್ತಿ. ಸಿಂಪ್ಲಿಫೈ ಆಗಿ ನೋಡ್ ಕಡಿಮೆ ಆಗುತ್ತದೆ. ಸಾಲದಿದ್ದರೆ ಇನ್ನೊಮ್ಮೆ ಒತ್ತಿ. ಸೀಸನ್ ಸಮಯದಲ್ಲಿ ನಾವು ಮಾಡುವುದು ಇಷ್ಟೇ.

ಬೋರ್ಡ್ ಆರ್ಟಿಸ್ಟ್, ಮಂಗಳೂರು

ತಂಗಿ, ಎಳೆಯಲು ಕಲಿಯಬೇಕು ಅಂತ ನೀನು ಕೇಳಿದ್ದು ನೋಡಿಯೇ ಖುಷಿಯಾಯಿತು. ಕಂಪ್ಯೂಟರಿಗೆ ಬರುವ ಮೊದಲು ನಾನು ಬಸ್ಸುಗಳ ಮೇಲೆ, ಅಂಗಡಿ ಬೋರ್ಡುಗಳ ಮೇಲೆ ಬ್ರಷ್‌ನಲ್ಲಿ ಹೆಸರು ಬರೆಯುತ್ತಿದ್ದವನು. ಬ್ರಷ್ಷಾದರೂ ಪೆನ್ ಟೂಲ್ ಆದರೂ ನಾನು ಹೇಳುವುದು ಒಂದೇ: ಕಡಿಮೆ ಕಡೆ ನಿಲ್ಲಿಸು, ಉದ್ದಕ್ಕೆ ಎಳೆ. ನುಣುಪು ಬರುವುದು ಹ್ಯಾಂಡಲ್‌ನಿಂದ. ನೋಡ್ ಜಾಸ್ತಿ ಆದಷ್ಟೂ ಗೆರೆ ಮುಗ್ಗರಿಸುತ್ತದೆ.

ಮೊದಲು ಸಿಂಪ್ಲಿಫೈ ವಿಷಯ. ಹಂಪನಕಟ್ಟೆಯವರು ಹೇಳಿದ್ದು ಅರ್ಜೆಂಟ್ ಕೆಲಸಕ್ಕೆ ಸರಿ. ಆದರೆ ಅದಕ್ಕೆ ಹಲ್ಲು ಯಾವುದು, ಕೆನ್ನೆ ಯಾವುದು ಅಂತ ಗೊತ್ತಿಲ್ಲ. ಎರಡು ಮೂರು ಸಲ ಒತ್ತಿದರೆ ಕೋರೆಹಲ್ಲಿನ ತುದಿಯೇ ಮೊಂಡಾಗುತ್ತದೆ. ಕೋರೆಹಲ್ಲು ಮೊಂಡಾದ ಹುಲಿಯನ್ನು ಯಾವ ತಂಡದವರು ಒಪ್ಪುತ್ತಾರೆ? ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಒತ್ತಿ ಸಣ್ಣದಾಗಿರುತ್ತದೆ, ಅಂಚಿನಲ್ಲಿ ಬೂದು ಕಲೆಗಳಿರುತ್ತವೆ. ಟ್ರೇಸ್ ಆ ಕಲೆಗಳನ್ನೂ ಆಕಾರ ಅಂತಲೇ ಹಿಡಿಯುತ್ತದೆ. ನಿನ್ನ ಸಾವಿರ ನೋಡ್ ಬಂದದ್ದು ಅಲ್ಲಿಂದ. ದಿಕ್ಕು ಚೂರು ಚೂರೇ ಬದಲಾದಾಗಲೆಲ್ಲ ಬ್ಲೇಡ್ ತಿರುಗಬೇಕು, ಅದಕ್ಕೇ ಪ್ಲಾಟರ್ ತಡೆಯುವುದು.

ಈಗ ಕಲಿಯುವ ದಾರಿ. ಇವತ್ತು ಹುಲಿಯನ್ನು ಮುಟ್ಟಬೇಡ. ಇ ಒತ್ತಿ, ಕಂಟ್ರೋಲ್ ಹಿಡಿದು ಒಂದು ವೃತ್ತ ಎಳೆ. ಶಿಫ್ಟ್, ಕಂಟ್ರೋಲ್, ಸಿ ಒತ್ತಿದರೆ ಅದು ಪಾತ್ ಆಗುತ್ತದೆ, ಅಂದರೆ ನೋಡ್ ಹಿಡಿದು ತಿದ್ದಬಹುದಾದ ಗೆರೆ. ಎನ್ ಒತ್ತಿ ನೋಡ್ ಟೂಲ್ ತೆಗೆದುಕೊಂಡು ಅದರ ಮೇಲೆ ಕ್ಲಿಕ್ ಮಾಡಿ ನೋಡು. ಇಡೀ ವೃತ್ತಕ್ಕೆ ನಾಲ್ಕೇ ನೋಡ್: ನೆತ್ತಿಯಲ್ಲಿ, ಬುಡದಲ್ಲಿ, ಎಡದ ತುದಿಯಲ್ಲಿ, ಬಲದ ತುದಿಯಲ್ಲಿ. ಮೇಲೆ ಕೆಳಗೆ ಇರುವ ನೋಡ್‌ಗಳ ಹ್ಯಾಂಡಲ್ ಪೂರ್ತಿ ಅಡ್ಡಕ್ಕೆ, ಎಡ ಬಲದವುಗಳದ್ದು ಪೂರ್ತಿ ನೆಟ್ಟಗೆ. ನೋಡ್ ಎಲ್ಲಿ ಇಡಬೇಕು ಅಂತ ಕೇಳಿದೆಯಲ್ಲ, ಉತ್ತರ ಇದೇ. ಬಾಗು ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಹೋಗುವ ಜಾಗದಲ್ಲಿ ಇಡು. ಅದು ಬಿಟ್ಟರೆ ಮೂಲೆ ಇರುವಲ್ಲಿ, ಬಾಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಲ್ಲಿ. ಅಕ್ಷರ ಮಾಡುವವರೂ ಹೀಗೇ ಇಡುತ್ತಾರೆ.

ಆಮೇಲೆ ನಮ್ಮ ಕನ್ನಡದ 'ಗ' ಬರೆ. ಕಮಾನು ಮಾತ್ರ ಸಾಕು, ತಲೆಕಟ್ಟು ಆಮೇಲೆ. ಬಿ ಒತ್ತಿ ಪೆನ್ ಟೂಲ್ ಹಿಡಿ. ಎಡಗಾಲಿನ ಕೊನೆ, ಎಡದ ಹೊಟ್ಟೆ, ನೆತ್ತಿ, ಬಲದ ಹೊಟ್ಟೆ, ಬಲಗಾಲಿನ ಕೊನೆ. ಸುಮ್ನೆ ಐದು ಕಡೆ ಕ್ಲಿಕ್ ಮಾಡುತ್ತಾ ಹೋಗು, ಎಳೆಯಬೇಡ. ಎಂಟರ್ ಒತ್ತು. ಒಂದು ಮುರಿದ ಗೆರೆ ಬರುತ್ತದೆ. ಈಗ ನೋಡ್ ಟೂಲ್‌ನಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ನೋಡ್ ಹಿಡಿದು, ಶಿಫ್ಟ್ ಮತ್ತು ಎ ಒತ್ತು. ಗೆರೆ ತಾನೇ ಬಾಗುತ್ತದೆ, ಹ್ಯಾಂಡಲ್‌ಗಳು ಕಾಣುತ್ತವೆ. ಇನ್ನು ಒಂದೊಂದೇ ಹ್ಯಾಂಡಲ್ ಹಿಡಿದು ಸರಿ ಮಾಡು. ಎಳೆಯುವಾಗ ಕಂಟ್ರೋಲ್ ಹಿಡಿದರೆ ಅದು 15 ಡಿಗ್ರಿಯ ಲೆಕ್ಕದಲ್ಲಿ ಹಾರುತ್ತದೆ, ಹಾಗಾಗಿ ಅಡ್ಡಕ್ಕೆ ನೆಟ್ಟಗೆ ನಿಲ್ಲಿಸುವುದು ಸುಲಭ. ಪೆನ್ ಟೂಲ್ ಹಿಡಿದು ಮೊದಲ ಎಳೆತಕ್ಕೇ ಸರಿಯಾದ ಬಾಗು ಬರಬೇಕು ಅನ್ನುವ ಹಟವೇ ಹೆಚ್ಚಿನವರನ್ನು ಓಡಿಸುವುದು. ಮೊದಲು ಜಾಗ ಗುರುತಿಸು, ಆಮೇಲೆ ಬಗ್ಗಿಸು.

ಗೆರೆಗೆ ದಪ್ಪ ಕೊಟ್ಟು, ತುದಿ ದುಂಡಗೆ ಮಾಡಿದರೆ ಅಕ್ಷರ ಆಯಿತು. ಪ್ಲಾಟರ್ ಮಾತ್ರ ಗೆರೆಯ ದಪ್ಪವನ್ನು ನೋಡುವುದಿಲ್ಲ, ನಡುವಿನ ಪಾತ್ ಮೇಲೆ ಒಂದೇ ಸಲ ಓಡುತ್ತದೆ. ಕಟ್ ಮಾಡುವ ಮೊದಲು ಕಂಟ್ರೋಲ್, ಆಲ್ಟ್, ಸಿ ಒತ್ತಿ ಸ್ಟ್ರೋಕ್ ಟು ಪಾತ್ ಮಾಡಿಕೊಳ್ಳಲೇಬೇಕು, ಆಗ ದಪ್ಪ ಗೆರೆಯ ಅಂಚೇ ಪಾತ್ ಆಗುತ್ತದೆ.

ಹುಲಿ ಮುಖಕ್ಕೆ ಬಂದಾಗ ಅರ್ಧ ಮುಖ ಮಾತ್ರ ಎಳೆ. ಫೋಟೋವನ್ನು ಕೆಳಗಿನ ಲೇಯರ್‌ನಲ್ಲಿ ಹಾಕಿ ಮಸುಕು ಮಾಡಿ ಲಾಕ್ ಮಾಡು. ಮೇಲಿನ ಲೇಯರ್‌ನಲ್ಲಿ ಹಣೆಯ ನಡುವಿನಿಂದ ಶುರು ಮಾಡಿ ಕಿವಿ, ಕೆನ್ನೆ, ಗಲ್ಲದ ನಡುವಿನವರೆಗೆ ಬಾ. ಕಿವಿ ಹಣೆಗೆ ಸೇರುವಲ್ಲಿ ಮೂಲೆ ಬೇಕು, ಅಲ್ಲಿ ಶಿಫ್ಟ್ ಮತ್ತು ಸಿ. ಕೆನ್ನೆ ನುಣುಪಾಗಿರಬೇಕು, ಅಲ್ಲಿ ಶಿಫ್ಟ್ ಮತ್ತು ಎಸ್. ಕಂಟ್ರೋಲ್ ಮತ್ತು ಡಿ ಒತ್ತಿ ಇನ್ನೊಂದು ಪ್ರತಿ ಮಾಡು, ಎಚ್ ಒತ್ತಿದರೆ ಮಗುಚುತ್ತದೆ. ಎರಡನ್ನೂ ನಡುವಿನಲ್ಲಿ ಕೂದಲೆಳೆಯಷ್ಟು ಒಂದರ ಮೇಲೊಂದು ತಂದು ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಯೂನಿಯನ್ ಮಾಡು, ಎರಡೂ ಸೇರಿ ಒಂದೇ ಆಕಾರ ಆಗುತ್ತದೆ. ಒಂದು ಮಾತು ನೆನಪಿಡು: ಹಣೆಯಲ್ಲೂ ಗಲ್ಲದಲ್ಲೂ ನಡುಗೆರೆ ಮುಟ್ಟುವ ಹ್ಯಾಂಡಲ್ ಪೂರ್ತಿ ಅಡ್ಡಕ್ಕೆ ಇರಬೇಕು. ಸ್ವಲ್ಪ ವಾಲಿದರೂ ಹಣೆ ನಡುವೆ ಮೊನೆ ಏಳುತ್ತದೆ.

ಮಣಿಪಾಲ ವಿದ್ಯಾರ್ಥಿ

ಬೋರ್ಡ್ ಆರ್ಟಿಸ್ಟ್ ಅವರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಹ್ಯಾಂಡಲ್ ಏನು ಮಾಡುತ್ತದೆ ಅಂತ ಒಮ್ಮೆ ತಿಳಿದರೆ ಕೈಗೆ ಧೈರ್ಯ ಬರುತ್ತದೆ.

ಈ ಕರ್ವ್‌ಗೆ ಬೆಜಿಯೆ ಕರ್ವ್ ಅಂತ ಹೆಸರು. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈ ವಿನ್ಯಾಸಕ್ಕೆ ಇದನ್ನು ಬಳಸಿದರು. ಅದಕ್ಕೂ ಮೊದಲೇ, 1959ರಲ್ಲಿ, ಸಿತ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೋ ಇದನ್ನೇ ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತ್ತು, ಹಾಗಾಗಿ ಹೆಸರು ಬೆಜಿಯೆಗೆ ಹೋಯಿತು.

ಕಾಸ್ಟೆಲ್ಜೋ ವಿಧಾನವನ್ನು ಕಾಗದದ ಮೇಲೆ ಮಾಡಿ ನೋಡಬಹುದು, ನಿಜಕ್ಕೂ ಮಾಡಿ ನೋಡಿ ಅಕ್ಕ. ನಾಲ್ಕು ಚುಕ್ಕೆ ಇಡಿ: ಮೊದಲ ನೋಡ್, ಅದರ ಹ್ಯಾಂಡಲ್ ತುದಿ, ಎರಡನೇ ನೋಡ್‌ನ ಹ್ಯಾಂಡಲ್ ತುದಿ, ಎರಡನೇ ನೋಡ್. ಅದೇ ಕ್ರಮದಲ್ಲಿ ಗೆರೆ ಹಾಕಿ ಸೇರಿಸಿದರೆ ಮೂರು ಗೆರೆ. ಮೂರರ ನಡುಬಿಂದು ಗುರುತಿಸಿ ಅವನ್ನು ಸೇರಿಸಿ, ಎರಡು ಗೆರೆ ಬರುತ್ತದೆ. ಆ ಎರಡರ ನಡುಬಿಂದು ಸೇರಿಸಿ, ಒಂದು ಗೆರೆ. ಅದರ ನಡುಬಿಂದು ಇದೆಯಲ್ಲ, ಕರ್ವ್ ಸರಿಯಾಗಿ ಆ ಚುಕ್ಕೆಯ ಮೇಲೆ ಹಾದು ಹೋಗುತ್ತದೆ, ಆ ಕೊನೆಯ ಗೆರೆಯನ್ನು ಮುಟ್ಟಿಕೊಂಡೇ ಹೋಗುತ್ತದೆ. ನಡುಬಿಂದುವಿನ ಬದಲು ಕಾಲು ಭಾಗ, ಮುಕ್ಕಾಲು ಭಾಗದಲ್ಲಿ ಗುರುತಿಸಿ ಇದೇ ರೀತಿ ಮಾಡಿದರೆ ಕರ್ವಿನ ಬೇರೆ ಚುಕ್ಕೆಗಳು ಸಿಗುತ್ತವೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಕರ್ವ್ ನೋಡ್‌ನಿಂದ ಹೊರಡುವಾಗ ಹ್ಯಾಂಡಲ್ ತೋರಿಸುವ ದಿಕ್ಕಿನಲ್ಲೇ ಹೊರಡುತ್ತದೆ. ಮತ್ತೆ, ಕರ್ವ್ ಯಾವತ್ತೂ ಆ ನಾಲ್ಕು ಚುಕ್ಕೆಗಳ ಸುತ್ತ ಹಾಕಿದ ಬೇಲಿ ದಾಟುವುದಿಲ್ಲ. ಹಾಗಾಗಿ ಗೆರೆ ಎಲ್ಲೋ ಓಡಿ ಹೋದರೆ ಹ್ಯಾಂಡಲ್ ತುದಿಯನ್ನು ಹುಡುಕಿ, ಅದು ತುಂಬ ದೂರ ಹೋಗಿರುತ್ತದೆ.

ಎಷ್ಟು ಎಳೆಯಬೇಕು ಅಂತ ಕೇಳಿದ್ದಿರಿ. ಕಾಲು ವೃತ್ತಕ್ಕೆ ಲೆಕ್ಕ ಉಂಟು: ಹ್ಯಾಂಡಲ್ ಉದ್ದ ತ್ರಿಜ್ಯದ 0.5523 ಪಾಲು. ತ್ರಿಜ್ಯ 100 ಮಿ.ಮೀ. ಇದ್ದರೆ ಹ್ಯಾಂಡಲ್ ಸುಮಾರು 55 ಮಿ.ಮೀ. ಇದು ಗಣಿತದ ಪ್ರಕಾರ ಪಕ್ಕಾ ವೃತ್ತ ಅಲ್ಲ, ಆದರೆ ಆ ಅಳತೆಯಲ್ಲಿ ವ್ಯತ್ಯಾಸ 0.03 ಮಿ.ಮೀ. ಒಳಗೇ. ನಿಮ್ಮ ಬ್ಲೇಡಿಗೆ ಅದು ತಿಳಿಯುವುದಿಲ್ಲ.

ಹಂಪನಕಟ್ಟೆ ಪ್ರಿಂಟಿಂಗ್

ಕೋರೆಹಲ್ಲಿನ ಮಾತು ಒಪ್ಪಿದೆ. ಅಕ್ಷರದ ಬಗ್ಗೆ ಒಂದು ವಿಷಯ. ಹಳೆಯ ಡಿಟಿಪಿ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ತುಂಡು ತುಂಡಾಗಿ ಇರುತ್ತದೆ, ಗುಣಿತದ ಚಿಹ್ನೆ ಮೂಲ ಅಕ್ಷರದ ಮೇಲೆ ಹತ್ತಿ ಕೂತಿರುತ್ತದೆ. ಪ್ರಿಂಟಿನಲ್ಲಿ ಕಾಣುವುದಿಲ್ಲ. ಪ್ಲಾಟರ್ ಮಾತ್ರ ಆ ಹತ್ತಿದ ಜಾಗದಲ್ಲೂ ಕೊಯ್ದು ಅಕ್ಷರವನ್ನೇ ಎರಡು ಮಾಡುತ್ತದೆ. ಬೋಟಿನ ಹೆಸರು ಕಟ್ ಮಾಡುವಾಗ ಮೊದಲು ಪಾತ್ ಮಾಡಿ, ಆಮೇಲೆ ಯೂನಿಯನ್ ಮಾಡಿ. ಕೋರೆಲ್‌ಡ್ರಾ ಇರುವವರಿಗೆ ಕಂಟ್ರೋಲ್ ಮತ್ತು ಕ್ಯೂ, ಆಮೇಲೆ ವೆಲ್ಡ್. ಅಲ್ಲಿ ನೋಡ್ ತಿದ್ದುವ ಶೇಪ್ ಟೂಲ್ ಎಫ್10.

ಕಿನ್ನಿಮೂಲ್ಕಿ ಹುಡುಗಿ, ಉಡುಪಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಣ್ಣ, ನೀವು ಹೇಳಿದ ಹಾಗೆ ವೃತ್ತ ನೋಡಿದೆ, 'ಗ' ಬರೆದೆ, ತಲೆಕಟ್ಟೂ ಹಾಕಿದೆ. ಆಮೇಲೆ ಅರ್ಧ ಮುಖ. ಹೊರಗಿನ ಗೆರೆ ಕಟ್ ಮಾಡಿದೆ, ಪ್ಲಾಟರ್ ಎಲ್ಲೂ ತಡೆಯದೆ ಒಂದೇ ಸಮನೆ ಓಡಿತು. ಕೆನ್ನೆಯ ಮೇಲೆ ಬೆರಳು ಆಡಿಸಿದರೆ ಅಂಚೇ ಗೊತ್ತಾಗುವುದಿಲ್ಲ. ಮಾವ ಅದನ್ನು ಗಾಜಿಗೆ ಅಂಟಿಸಿ ಇಟ್ಟಿದ್ದಾರೆ. ಮಣಿಪಾಲದವರ ಚುಕ್ಕೆ ಲೆಕ್ಕವನ್ನು ಬಿಲ್ ಪುಸ್ತಕದ ಹಿಂದೆ ಹಾಕಿ ನೋಡಿದೆ, ಕರ್ವ್ ಸರಿಯಾಗಿ ಆ ಚುಕ್ಕೆಯ ಮೇಲೇ ಬಂತು!

ಈಗ ಪಟ್ಟೆಗಳ ಪ್ರಶ್ನೆ. ಹಣೆಯ ಪಟ್ಟೆ ನಡುವೆ ದಪ್ಪ ಇದ್ದು ಎರಡೂ ಕಡೆ ಚೂಪಾಗಬೇಕು. ಎರಡು ಕರ್ವ್ ಎಳೆದು ಸೇರಿಸಿದರೆ ದಪ್ಪ ಒಂದೇ ಸಮ ಬರುವುದಿಲ್ಲ. ಚೂಪು ತುದಿ ಕೀಳುವಾಗ ಎದ್ದು ಬರುತ್ತದೆ. ಎಂತ ಮಾಡುವುದು?

ಬೋರ್ಡ್ ಆರ್ಟಿಸ್ಟ್, ಮಂಗಳೂರು

ಪಟ್ಟೆಗೆ ನಾಲ್ಕು ನೋಡ್ ಸಾಕು ತಂಗಿ. ಎರಡು ತುದಿಗೆ ಎರಡು, ಅವು ಮೂಲೆಯ ನೋಡ್. ಹೊಟ್ಟೆಯ ಎರಡು ಬದಿಗೆ ಒಂದೊಂದು, ಅವು ನುಣುಪು. ಹೊಟ್ಟೆಯ ಎರಡು ನೋಡ್ ಎದುರು ಬದುರು ಇರಲಿ, ಅವುಗಳ ಹ್ಯಾಂಡಲ್‌ಗಳೂ ಒಂದೇ ದಿಕ್ಕಿಗೆ ಇರಲಿ. ಆಗ ದಪ್ಪ ತಾನೇ ಸಮ ಇಳಿಯುತ್ತದೆ. ಇನ್ನೊಂದು ದಾರಿಯೂ ಉಂಟು. ಪೆನ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಶೇಪ್ ಅಂತ ಕಾಣುತ್ತದೆ, ಅದರಲ್ಲಿ ಎಲಿಪ್ಸ್ ಆರಿಸಿ ಒಂದೇ ಕರ್ವ್ ಎಳೆದರೆ ಎರಡೂ ಕಡೆ ಚೂಪಾದ ಪಟ್ಟೆ ಸಿಗುತ್ತದೆ. ಬೇಗ ಆಗುತ್ತದೆ. ಆದರೆ ಪಾತ್ ಮಾಡಿದ ಮೇಲೆ ಬೇಡದ ನೋಡ್ ತೆಗೆಯುವ ಕೆಲಸ ಇರುತ್ತದೆ. ನನಗೆ ನಾಲ್ಕು ನೋಡ್‌ನದ್ದೇ ಇಷ್ಟ. ಹುಲಿವೇಷಕ್ಕೆ ಮೈ ಮೇಲೆ ಪಟ್ಟೆ ಬರೆಯುವವರ ಕೈ ನೋಡಿದ್ದೀಯಲ್ವಾ? ಪ್ರತಿ ಪಟ್ಟೆಗೂ ಬೇರೆ ಬೇರೆ ಬಾಗು ಇರುತ್ತದೆ. ಕಾಪಿ ಪೇಸ್ಟ್ ಮಾಡಿದ ಪಟ್ಟೆಗೆ ಆ ಜೀವ ಬರುವುದಿಲ್ಲ.

ತುದಿ ಏಳುವುದು ಗೆರೆಯ ತೊಂದರೆ ಅಲ್ಲ. ರೇಡಿಯಂ ಕಟ್ ಮಾಡುವ ಬ್ಲೇಡಿನ ಮೊನೆ ತಿರುಗುವ ನಡುವಿಗಿಂತ ಸ್ವಲ್ಪ ಹಿಂದೆ ಎಳೆದುಕೊಂಡು ಬರುತ್ತದೆ, ಮೂಲೆಯಲ್ಲಿ ತಿರುಗಲು ಅದಕ್ಕೆ ಜಾಗ ಬೇಕು. ಪ್ಲಾಟರ್ ಸೆಟ್ಟಿಂಗ್‌ನಲ್ಲಿ ಬ್ಲೇಡ್ ಆಫ್‌ಸೆಟ್ ನಿನ್ನ ಬ್ಲೇಡಿಗೆ ಸರಿಯಾಗಿ ಉಂಟಾ ನೋಡು. ತುಂಬ ಕಡೆ 0.25 ಮಿ.ಮೀ. ಇರುತ್ತದೆ, ಬ್ಲೇಡ್ ಡಬ್ಬಿಯ ಮೇಲೆ ಬರೆದದ್ದನ್ನೇ ನಂಬು. ಮತ್ತೆ, ಸ್ಟಿಕ್ಕರ್‌ಗೆ ಸೂಜಿ ಮೊನೆ ಬೇಡ. ತುದಿಯಲ್ಲಿ ಒಂದು ಮಿಲಿಮೀಟರ್‌ನಷ್ಟು ದುಂಡಗೆ ಬಿಡು. ದೂರದಿಂದ ಚೂಪಾಗಿಯೇ ಕಾಣುತ್ತದೆ, ಗಾಜಿನ ಮೇಲೆ ಮಳೆಗೂ ನಿಲ್ಲುತ್ತದೆ. ಕೀಳುವಾಗ ರೇಡಿಯಂ ಅನ್ನು ಮೇಲಕ್ಕೆ ಎತ್ತಬೇಡ. ಹಾಳೆಗೆ ತಾಗಿಸಿಕೊಂಡು ಹಿಂದಕ್ಕೆ ಮಡಚಿದ ಹಾಗೆ ಎಳೆ, ಪಟ್ಟೆಯ ಹೊಟ್ಟೆಯ ಕಡೆಯಿಂದ ತುದಿಯ ಕಡೆಗೆ.

ಪಟ್ಟೆ ಎಳೆದ ಮೇಲೆ ಕಂಟ್ರೋಲ್ ಮತ್ತು 5 ಒತ್ತಿ, ಬರಿ ಗೆರೆ ಕಾಣುವ ಹಾಗೆ ಮಾಡಿ ಒಂದು ಸ್ಕ್ರೀನ್‌ಶಾಟ್ ಇಲ್ಲಿ ಹಾಕು. ನೋಡ್‌ಗಳೂ ಕಾಣಲಿ. ಯಾವುದನ್ನು ತೆಗೆಯಬಹುದು ಅಂತ ಒಂದೊಂದಾಗಿ ಹೇಳುತ್ತೇನೆ.