ಎರಡು ಸಬ್ ವೂಫರ್, ಒಂದು ಆಂಪ್, ಮಿನುಗುವ ಕೆಂಪು ಲೈಟ್

ಪ್ರಶ್ನೆ (ಹಾಸನದಿಂದ):
ಅಣ್ಣ, ನಮಸ್ಕಾರ. ನನ್ನದು ಸ್ವಿಫ್ಟ್. ಡಿಕ್ಕಿಯಲ್ಲಿ 10 ಇಂಚಿನ ಎರಡು ಸಬ್ ವೂಫರ್ ಹಾಕಿಸಿದ್ದೇನೆ. ಎರಡೂ ಡ್ಯುಯಲ್ ವಾಯ್ಸ್ ಕಾಯಿಲ್, ಅಂದರೆ ಒಂದೊಂದು ಸಬ್‌ನಲ್ಲೂ ಎರಡು ಕಾಯಿಲ್, ಒಂದೊಂದು ಕಾಯಿಲ್ 4 ಓಮ್. ಆಂಪ್ (ಆಂಪ್ಲಿಫೈಯರ್) ಮಾನೋಬ್ಲಾಕ್, ಅಂದರೆ ಒಂದೇ ಚಾನೆಲ್‌ನದು. ಜೊತೆಗೆ ಬಂದ ಪುಸ್ತಕದಲ್ಲಿ 4 ಓಮ್‌ಗೆ 300 ವ್ಯಾಟ್, 2 ಓಮ್‌ಗೆ 500 ವ್ಯಾಟ್ ಅಂತ ಇದೆ. 1 ಓಮ್ ಬಗ್ಗೆ ಏನೂ ಬರೆದಿಲ್ಲ. ಹಾಕಿಕೊಟ್ಟವರು ಎಲ್ಲಾ ಪ್ಲಸ್ ಒಟ್ಟಿಗೆ, ಎಲ್ಲಾ ಮೈನಸ್ ಒಟ್ಟಿಗೆ ಸೇರಿಸಿದ್ದಾರೆ. ಸಣ್ಣ ದನಿಯಲ್ಲಿ ಚೆನ್ನಾಗಿದೆ. ವಾಲ್ಯೂಮ್ ಏರಿಸಿದರೆ ಹತ್ತು ನಿಮಿಷಕ್ಕೆ ಆಂಪ್ ಮೇಲೆ ದೋಸೆ ಹುಯ್ಯಬಹುದು, ಅಷ್ಟು ಬಿಸಿ. ಆಮೇಲೆ ಪ್ರೊಟೆಕ್ಟ್ ಲೈಟ್ ಮಿನುಗಿ ದನಿ ಕಟ್. ಕೇಳಿದರೆ "ಆಂಪ್ ಚಿಕ್ಕದಾಯ್ತು, ದೊಡ್ಡದು ತಗೊಳ್ಳಿ" ಅಂತಾರೆ. ಹೌದಾ?

ಉತ್ತರ (ಕಾರ್ ಆಡಿಯೋ ಕೆಲಸ, ಜೆ.ಸಿ. ರೋಡ್, ಬೆಂಗಳೂರು):
ಆಂಪ್ ಬದಲಾಯಿಸಬೇಡಿ. ವೈರಿಂಗ್ ಬದಲಾಯಿಸಿ.

ನಿಮ್ಮ ಹತ್ತಿರ ಇರೋದು ಎರಡು ಸಬ್ ಅಂತ ಲೆಕ್ಕ ಹಾಕಬೇಡಿ, ನಾಲ್ಕು ಕಾಯಿಲ್ ಅಂತ ಹಾಕಿ. ನಾಲ್ಕನ್ನೂ ಪ್ಯಾರಲಲ್ ಮಾಡಿದರೆ 4 ಭಾಗಿಸು 4, ಅಂದರೆ 1 ಓಮ್. ನಿಮ್ಮ ಆಂಪ್ ತಡೆಯೋದು 2 ಓಮ್ ತನಕ. ಅದಕ್ಕಿಂತ ಕೆಳಗಿಳಿದರೆ ತಾಳಿಕೊಳ್ಳಲಾಗದಷ್ಟು ಕರೆಂಟ್ ಅದರೊಳಗೆ ಹರಿಯುತ್ತೆ. ಪಾಪ, ಅದು ತನ್ನನ್ನು ತಾನು ಉಳಿಸಿಕೊಳ್ಳೋಕೆ ಆಫ್ ಆಗ್ತಿದೆ. ಕೆಂಪು ಲೈಟ್‌ಗೆ ಕೈ ಮುಗಿಯಿರಿ.

ನೀವು ಹಾಸನ ರಸ್ತೆಯವರು, ಟೋಲ್ ಗೊತ್ತಲ್ವಾ? ಅಕ್ಕಪಕ್ಕ ನಾಲ್ಕು ಗೇಟ್ ತೆಗೆದರೆ ಗಾಡಿಗಳು ಸರಾಗ ನುಗ್ಗುತ್ತವೆ, ಅದು ಪ್ಯಾರಲಲ್. ಒಂದೇ ದಾರಿಯಲ್ಲಿ ಒಂದಾದ ಮೇಲೊಂದು ಗೇಟ್ ಇಟ್ಟರೆ ನಿಧಾನ, ಅದು ಸೀರೀಸ್. ಕರೆಂಟ್‌ಗೂ ಅಷ್ಟೇ.

ಹೀಗೆ ಮಾಡಿ. ಆಂಪ್‌ನ ಪ್ಲಸ್‌ನಿಂದ ಮೊದಲ ಸಬ್‌ನ ಒಂದನೇ ಕಾಯಿಲ್ ಪ್ಲಸ್‌ಗೆ ವೈರ್. ಆ ಕಾಯಿಲ್‌ನ ಮೈನಸ್‌ನಿಂದ ಅದೇ ಸಬ್‌ನ ಎರಡನೇ ಕಾಯಿಲ್ ಪ್ಲಸ್‌ಗೆ ಒಂದು ಗೇಣು ವೈರ್. ಎರಡನೇ ಕಾಯಿಲ್ ಮೈನಸ್ ವಾಪಸ್ ಆಂಪ್‌ನ ಮೈನಸ್‌ಗೆ. ಇಲ್ಲಿಗೆ ಈ ಸಬ್ 8 ಓಮ್ ಆಯ್ತು. ಎರಡನೇ ಸಬ್‌ಗೂ ಇದೇ. ಎರಡರ ವೈರೂ ಆಂಪ್‌ನ ಅದೇ ಟರ್ಮಿನಲ್‌ಗಳಿಗೆ ಬಂದಾಗ 8 ಮತ್ತು 8 ಪ್ಯಾರಲಲ್, ಒಟ್ಟು 4 ಓಮ್.

ಪ್ರಶ್ನೆ ಕೇಳಿದವರು:
ಆದರೆ ಅಣ್ಣ, 4 ಓಮ್‌ಗೆ ಬರೀ 300 ವ್ಯಾಟ್. 500 ಇರೋ ಕಡೆ 300 ತಗೊಂಡರೆ ನಷ್ಟ ಅಲ್ವಾ? 2 ಓಮ್ ಮಾಡೋಕಾಗಲ್ವಾ?

ಉತ್ತರ:
ಈ ಎರಡು ಸಬ್‌ನಿಂದ 2 ಓಮ್ ಬರಲ್ಲ. ನಾಲ್ಕೂ ಕಾಯಿಲ್‌ಗೆ ಸಮನಾಗಿ ಪವರ್ ಹೋಗಬೇಕು ಅಂದರೆ ಸಿಗೋದು 1, 4 ಅಥವಾ 16 ಮಾತ್ರ. ಕೆಲವರು ಒಂದೊಂದು ಸಬ್‌ನಲ್ಲಿ ಒಂದೇ ಕಾಯಿಲ್‌ಗೆ ವೈರ್ ಕೊಟ್ಟು 2 ಓಮ್ ಮಾಡ್ತಾರೆ. ಸಬ್ ತಡೆಯೋ ಪವರ್ ಅರ್ಧಕ್ಕಿಳಿಯುತ್ತೆ, ಸಬ್ ಕೂರಿಸಿರೋ ಬಾಕ್ಸ್‌ನ ಲೆಕ್ಕವೂ ಕೆಡುತ್ತೆ. ಆ ದಾರಿ ಬೇಡ.

ನಷ್ಟದ ಮಾತಿಗೆ ಬರೋಣ. ಎಲ್ಲರೂ ಎಡವೋದು ಇಲ್ಲೇ. ಅಕ್ಕಪಕ್ಕ ಎರಡು ಸಬ್ ಒಟ್ಟಿಗೆ ಗಾಳಿ ತಳ್ಳಿದಾಗ ಅಷ್ಟೇ ವ್ಯಾಟ್‌ಗೆ ಸುಮಾರು 3 ಡೆಸಿಬಲ್ ಜಾಸ್ತಿ ದನಿ ಬರುತ್ತೆ. 3 ಡೆಸಿಬಲ್ ಅಂದರೆ ಪವರ್ ದುಪ್ಪಟ್ಟು ಮಾಡಿದ ಹಾಗೆ. ಎರಡು ಸಬ್‌ಗೆ ಹಂಚಿದ 300 ವ್ಯಾಟ್, ಒಂದೇ ಸಬ್‌ಗೆ 600 ವ್ಯಾಟ್ ಕೊಟ್ಟಷ್ಟು ಕೇಳುತ್ತೆ. ಅದೇ ನೀವು ಒಂದೇ ಸಬ್ ಇಟ್ಟುಕೊಂಡು ಕಾಯಿಲ್ ಪ್ಯಾರಲಲ್ ಮಾಡಿ 2 ಓಮ್‌ಗೆ 500 ಪೂರ್ತಿ ತೆಗೆದಿದ್ದರೂ ಇದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ. ಪುಸ್ತಕದ ನಂಬರ್ ಕಿವಿಗೆ ಕೇಳಲ್ಲ.

ಕರೆಂಟ್ ಕೂಡ ಉಳಿಯುತ್ತೆ. ಕ್ಲಾಸ್ ಡಿ (ಕರೆಂಟ್ ಕಮ್ಮಿ ಪೋಲು ಮಾಡೋ ಬಗೆ) ಆಂಪ್ ಸುಮಾರು 80 ಪರ್ಸೆಂಟ್ ಎಫಿಷಿಯೆಂಟ್ ಅಂದುಕೊಳ್ಳಿ. 13.8 ವೋಲ್ಟ್‌ನಲ್ಲಿ 500 ವ್ಯಾಟ್‌ಗೆ 45 ಆಂಪಿಯರ್ ಬೇಕು. 300ಕ್ಕೆ 27 ಸಾಕು. ರಾತ್ರಿ ಬೀಟ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಕಣ್ಣು ಮಿಟುಕಿಸೋದು ಕಮ್ಮಿಯಾಗುತ್ತೆ.

ಇನ್ನೊಬ್ಬರು (ಗ್ರೂಪ್ ಸದಸ್ಯರು):
ಸರ್, ನಂದು 4 ಚಾನೆಲ್ ಆಂಪ್. ಹಿಂದಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿ (ಎರಡನ್ನೂ ಸೇರಿಸಿ ಒಂದು ಮಾಡಿ) ಇದೇ ಥರದ ಒಂದು ಡ್ಯುಯಲ್ 4 ಓಮ್ ಸಬ್ ಹಾಕಬಹುದಾ? ಆಂಪ್ ಮೇಲೆ "2 ಓಮ್ ಸ್ಟೇಬಲ್" ಅಂತ ಬರೆದಿದೆ.

ಉತ್ತರ:
ಆ 2 ಓಮ್ ಒಂದೊಂದು ಚಾನೆಲ್‌ಗೆ. ಬ್ರಿಡ್ಜ್ ಮಾಡಿದರೆ ಒಂದೊಂದು ಚಾನೆಲ್‌ಗೂ ಸಬ್‌ನ ಓಮ್‌ನಲ್ಲಿ ಅರ್ಧ ಮಾತ್ರ ಕಾಣುತ್ತೆ. ಅಂದರೆ ಬ್ರಿಡ್ಜ್‌ಗೆ ಕನಿಷ್ಠ 4 ಬೇಕು. ನಿಮ್ಮ ಸಬ್ 2 ಆಗುತ್ತೆ ಇಲ್ಲ 8 ಆಗುತ್ತೆ, 4 ಆಗಲ್ಲ. 8ಕ್ಕೆ ಹಾಕಿ ಕೇಳಿ, ಏನೂ ಕೆಡಲ್ಲ, ಪವರ್ ಕಡಿಮೆ ಅಷ್ಟೇ. ಇನ್ನೂ ತಗೊಂಡಿಲ್ಲ ಅಂದರೆ ಡ್ಯುಯಲ್ 2 ಓಮ್ ಸಬ್ ತಗೊಳ್ಳಿ, ಸೀರೀಸ್ ಮಾಡಿದರೆ ಸರಿಯಾಗಿ 4. ಮೊದಲು ಆಂಪ್ ನೋಡಿ, ಆಮೇಲೆ ಸಬ್ ಆರಿಸಬೇಕು. ಅಂಗಡಿಗೆ ಬರೋರೆಲ್ಲ ಉಲ್ಟಾ ಮಾಡಿಕೊಂಡೇ ಬರ್ತಾರೆ.

ಮತ್ತೊಬ್ಬರು:
ನನ್ನ ಆಂಪ್ ಬಾಕ್ಸ್ ಮೇಲೆ 1500 ವ್ಯಾಟ್ ಅಂತಿದೆ. ನಂಬಬಹುದಾ?

ಉತ್ತರ:
ಬಾಕ್ಸ್ ಪಕ್ಕಕ್ಕಿಟ್ಟು ಆಂಪ್‌ನ ಫ್ಯೂಸ್ ನೋಡಿ. 30 ಆಂಪಿಯರ್‌ನ ಎರಡು ಇದ್ದರೆ 60. ಇಂಟು 13.8, ಅದರಲ್ಲಿ ಮುಕ್ಕಾಲು ಪಾಲು. ಸುಮಾರು 620 ವ್ಯಾಟ್, ಅಷ್ಟೇ. ಆರ್‌ಎಂಎಸ್ (ಆಂಪ್ ಸತತವಾಗಿ ಕೊಡಬಲ್ಲ ಪವರ್) ಅಂತ ಬರೆದಿರೋ ನಂಬರ್ ಒಂದನ್ನೇ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ ಕೇಳಿದವರು:
ಅಣ್ಣ, ಭಾನುವಾರ ಕೂತು ವೈರಿಂಗ್ ಬದಲಿಸಿದೆ. ಆಂಪ್ ಬಿಸಿ ಆಗ್ತಿಲ್ಲ. ಆದರೆ ಬೇಸ್ ಇಲ್ಲವೇ ಇಲ್ಲ! ಎರಡೂ ಕೋನ್ ಜೋರಾಗಿ ಕುಣೀತಿವೆ, ದನಿ ಮಾತ್ರ ತೆಳ್ಳಗೆ, ಡಬ್ಬ ಬಡಿದ ಹಾಗೆ. ಮೀಟರ್ ಇಟ್ಟರೆ 3.7 ತೋರಿಸ್ತು, 4 ಅಲ್ಲ. ಏನೋ ಸುಟ್ಟಿತಾ?

ಉತ್ತರ:
ಏನೂ ಸುಟ್ಟಿಲ್ಲ. ಮೀಟರ್ ಅಳೆಯೋದು ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸ್. 4 ಓಮ್ ಕಾಯಿಲ್ 3.2ರಿಂದ 3.7ರವರೆಗೆ ತೋರಿಸೋದು ಮಾಮೂಲಿ. ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ನೋಡಿ, 0.2 ಅಥವಾ 0.3 ಬರುತ್ತೆ. ಅದನ್ನೂ ಕಳೆಯಿರಿ. ಹಾಡು ಓಡುವಾಗ ಓಮ್ ಏರಿಳೀತಾನೇ ಇರುತ್ತೆ, 4 ಅನ್ನೋದು ಹೆಸರಿಗೊಂದು ನಂಬರ್.

ಬೇಸ್ ಹೋಗಿರೋದು ಒಂದು ಸಬ್ ಉಲ್ಟಾ ಆಗಿರೋದಕ್ಕೆ. ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೀತಿದೆ, ಗಾಳಿ ಅಲ್ಲಲ್ಲೇ ಸಮ. ಸ್ಪೀಕರ್ ವೈರ್‌ಗಳನ್ನು ಆಂಪ್‌ನಿಂದ ಬಿಚ್ಚಿ, ಎರಡು ಸಬ್‌ನ ವೈರ್ ಬೇರೆ ಮಾಡಿ. ಗೋಡೆ ಗಡಿಯಾರಕ್ಕೆ ಹಾಕೋ 1.5 ವೋಲ್ಟ್ ಸೆಲ್ ತಗೊಳ್ಳಿ. ಪ್ಲಸ್ ವೈರ್ ಸೆಲ್‌ನ ತಲೆಗೆ, ಮೈನಸ್ ಬುಡಕ್ಕೆ ಸುಮ್ನೆ ಒಂದು ಕ್ಷಣ ತಾಗಿಸಿ. ಬೆರಳ ತುದಿ ಕೋನ್ ಮೇಲಿರಲಿ. 'ಟಪ್' ಅಂತ ಹೊರಗೆ ಬಂದರೆ ಸರಿ, ಒಳಗೆ ಹೋದರೆ ಉಲ್ಟಾ. ಎರಡೂ ಹೊರಗೇ ಬರಬೇಕು. ಕೋನ್ ಅಲ್ಲಾಡಲೇ ಇಲ್ಲ ಅಂದರೆ ಆ ಸಬ್‌ನ ಒಂದು ಕಾಯಿಲ್ ಉಲ್ಟಾ, ಎರಡು ಕಾಯಿಲ್ ಒಂದರೊಡನೊಂದು ಜಗಳ ಆಡ್ತಿವೆ.

ವೈರ್ ಬಿಚ್ಚಿರುವಾಗಲೇ ಗೇನ್ (ಸ್ಟೀರಿಯೋದಿಂದ ಬರೋ ಸಿಗ್ನಲ್ ಆಂಪ್ ಎಷ್ಟು ಏರಿಸಬೇಕು ಅನ್ನೋ ಸ್ಕ್ರೂ) ಕೂಡ ಸರಿಯಾಗಿ ಇಟ್ಟುಬಿಡಿ. ಬೇಸ್ ಬೂಸ್ಟ್ ಸೊನ್ನೆ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು. 50 ಹರ್ಟ್ಜ್ ಟೆಸ್ಟ್ ಟೋನ್ ಹಾಕಿ, ಆಂಪ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ ಮೀಟರ್ ಎಸಿ ವೋಲ್ಟ್‌ಗೆ ಇಡಿ. 300 ವ್ಯಾಟ್ ಇಂಟು 4 ಓಮ್, 1200. ಅದರ ವರ್ಗಮೂಲ 34.6. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಗೇನ್ ನಿಧಾನ ತಿರುಗಿಸಿ 34 ವೋಲ್ಟ್ ಬಂದಾಗ ನಿಲ್ಲಿಸಿ. ಆಮೇಲೆ ಯಾವ ಗೆಳೆಯ ಬಂದರೂ ಆ ಸ್ಕ್ರೂ ಮುಟ್ಟೋಕೆ ಬಿಡಬೇಡಿ. ನನ್ನ ಟೇಬಲ್‌ಗೆ ಬರೋ ಸುಟ್ಟ ಕಾಯಿಲ್‌ಗಳಲ್ಲಿ ಹೆಚ್ಚಿನವು ಗೇನ್ ತುದಿಗೆ ತಿರುಗಿಸಿ ಕ್ಲಿಪ್ ಆಗಿ (ಆಂಪ್ ಮಿತಿ ಮೀರಿ ದನಿ ಒಡೆದು) ಸುಟ್ಟವು.

ಇನ್ನೊಂದು ಮಾತು. ಬ್ಯಾಟರಿಯಿಂದ ಬರೋ ಕೆಂಪು ವೈರ್‌ಗೆ ಫ್ಯೂಸ್ ಎಲ್ಲಿದೆ? ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಡಿಕ್ಕಿಯಲ್ಲಿ ಆಂಪ್ ಪಕ್ಕ ಮಾತ್ರ ಇದ್ದರೆ, ಮಧ್ಯದಲ್ಲಿ ವೈರ್ ಸವೆದು ಬಾಡಿಗೆ ತಾಗಿದ ದಿನ ಬೆಂಕಿ.

ಪ್ರಶ್ನೆ ಕೇಳಿದವರು:
ಎಡಗಡೆ ಸಬ್ ಉಲ್ಟಾ ಇತ್ತು ಅಣ್ಣ, ಸೆಲ್ ತಾಗಿಸಿದ ತಕ್ಷಣ ಒಳಗೆ ಹೋಯ್ತು. ಸರಿ ಮಾಡಿದೆ. ಮೊದಲಿಗಿಂತ ಜೋರಾಗಿದೆ! ಬೇಲೂರಿಗೆ ಹೋಗಿ ಬಂದೆ, ಆಂಪ್ ಉಗುರು ಬೆಚ್ಚಗಿದೆ ಅಷ್ಟೇ. ಫ್ಯೂಸ್ ಬ್ಯಾಟರಿ ಹತ್ತಿರ ಇರಲಿಲ್ಲ, ಇವತ್ತು ಹಾಕಿಸ್ತೀನಿ. ಈಗ ಹಿಂದೆ ಏನೋ ಗಿರಗಿರ ಅಂತಿದೆ, ಅದೊಂದು ಹೇಳಿ.

ಉತ್ತರ:
ನಂಬರ್ ಪ್ಲೇಟ್. ಹಿಂದುಗಡೆ ಫೋಮ್ ಟೇಪ್ ಅಂಟಿಸಿ.