ಬೋಟಿನ ಇಂಜಿನ್ ಅರ್ಧ ದಾರ್ಯಾಗ ದಮ್ ಬಿಡ್ತದ, ಯಾಕ್ರಿ?

ನಾರಾಯಣಪುರ ಡ್ಯಾಮಿನ ಹಿನ್ನೀರಾಗ ಮೀನ ಹಿಡಿತೀವ್ರಿ, 2 ಸ್ಟ್ರೋಕ್ 9.9 ಎಚ್‌ಪಿ ಇಂಜಿನ್. ಸ್ಟಾರ್ಟ್ ಛಂದ ಆಗ್ತದ, ಹತ್ತು ನಿಮಿಷ ಜೋರ್ ಓಡ್ತದ, ಆಮ್ಯಾಲ ಫುಲ್ ರೇಸ್ ಕೊಟ್ರೂ ಗುರ್ ಗುರ್ ಅಂತ ಎಳಿಯಂಗೇ ಇಲ್ಲ, ಜರಾ ನಿಂತು ಡಬ್ಬಿ ಮುಚ್ಚಳ ತೆಗ್ದು ಪೆಟ್ರೋಲ್ ನೋಡಿ ಹೊಂಟ್ರ ಮತ್ತ ಸರಿ. ಪ್ಲಗ್ ಹೊಸಾವು ಹಾಕೀನಿ, ಕಾರ್ಬ್ಯುರೇಟರ್ ತೊಳಿಸೀನಿ, ರೊಕ್ಕ ಹೋತು ಅಷ್ಟ.

ಉತ್ತರ 1:
ಅಣ್ಣಾ, ನೀವೇ ಉತ್ತರ ಹೇಳೀರಲ್ಲ! ಮುಚ್ಚಳದ ಮ್ಯಾಲಿನ ಗಾಳಿ ಸ್ಕ್ರೂ ಬಿಗಿ ಇದ್ರ ಡಬ್ಬ್ಯಾಗ ಗಾಳಿ ಹೋಗಲ್ಲ, ಪಂಪಿಗಿ ಪೆಟ್ರೋಲ್ ಎಳೀಲಾಕ ಆಗಲ್ಲ. ದಮ್ ಬಿಟ್ಟಾಗ ಪೈಪಿನ ನಡುವಿನ ರಬ್ಬರ್ ಬಲ್ಬ್ ನೋಡ್ರಿ, ಚಪ್ಪಟಿ ಆಗಿದ್ರ ಡಬ್ಬಿ ಕಡೀದೇ ತಪ್ಪು. ಚಪ್ಪಟಿ ಇಲ್ಲ, ಆದ್ರ ಒತ್ತಿದ ಕೂಡ್ಲೆ ಜೋರ್ ಬಂತು ಅಂದ್ರ ಫ್ಯುಯೆಲ್ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ದೂಡೋ ಒಳಗಿನ ತೆಳು ಪೊರಿ) ಮ್ಯಾಲ ಡೌಟ್.

ಉತ್ತರ 2:
ಇಂಜಿನ್ ತಣ್ಣಗ ಮಾಡಿ ಹಿಂದ ಹಾರೋ ನೀರಿನ ಧಾರಿನೂ ನೋಡ್ರಿ, ಸಣ್ಣ ಆಗಿದ್ರ ಹೀಟ್ ಆಗ್ಲತ್ತದ. ಇಂಜಿನ್ ಸೌಂಡ್ ಏರಿ ಬೋಟ್ ಮುಂದ ಹೋಗ್ಲಿಲ್ಲಂದ್ರ ಪಂಖಾದ ರಬ್ಬರ್ ಬುಷ್ ಜಾರ್ಲತ್ತದ, ಅದು ಬ್ಯಾರೆ ಕಥಿ.

ಕೇಳಿದವರು:
ಸ್ಕ್ರೂನೇ ರೀ! ಬೈಕ್ ಮ್ಯಾಲ ತರುವಾಗ ಚೆಲ್ತದಂತ ನಮ್ಮ ತಮ್ಮ ಬಿಗಿ ಮಾಡಿ ಹಂಗೇ ಬಿಟ್ಟಿದ್ದ. ಕಾರ್ಬ್ಯುರೇಟರಿನ ರೊಕ್ಕ ಅವನ ಕಡಿಂದ ವಸೂಲ್ ಮಾಡ್ತೀನಿ.