ಸಮಸ್ಯೆ: ‘ಮಗಳು ಗಂಡನ ಮನೆಗೆ ಹೋದರೆ ಹೊಲಕೆ ಬರಗಾಲ’

ಗೆಳೆಯರೇ, ಈ ವಾರದ ಸಮಸ್ಯೆ ಮೇಲಿದೆ. ಭಾಮಿನಿ ಷಟ್ಪದಿಯ ಕೊನೆಯ ಸಾಲು. ಉಳಿದ ಐದು ನಿಮ್ಮವು. ಆದಿಪ್ರಾಸ ‘ಗ’, ಅದರ ಹಿಂದಿನ ಅಕ್ಷರ ಲಘು. ನಗು, ಮೊಗ, ಮುಗಿಲು, ಚಿಗುರು ಎಲ್ಲ ಕೈಗೆಟುಕುವ ಹಾಗೇ ಇವೆ. ಕಷ್ಟ ಇರೋದು ಅರ್ಥದಲ್ಲಿ. ಮಗಳನ್ನು ಕಳಿಸಿಕೊಟ್ಟ ಅಮ್ಮ ಅಳುತ್ತಾಳೆ, ಸರಿ. ಅದಕ್ಕೆ ಹೊಲ ಯಾಕೆ ಒಣಗಬೇಕು?

ಸುಳಿವು: ಗ್ರೀಸ್. ಪೈರಿನ ದೇವತೆ ಡಿಮೀಟರ್, ಅವಳ ಮಗಳು ಪರ್ಸೆಫೊನಿ.

*

ಮೊದಲ ಪ್ರಯತ್ನ, ತಪ್ಪಿದ್ದರೆ ತಿದ್ದಿ:

ನಗುವ ಹೂವಿಗೆ ಕೈಯ ಚಾಚಲು
ಬಗೆದು ನೆಲವನು ಬಂದನೊಬ್ಬನು
ಹಗಲಿನಲೆ ಕೂಗಿದಳು ತಂದೆಯ ಕರೆದು ಮೊರೆಯಿಟ್ಟು
ಮುಗಿಲ ದೊರೆಯವ ಸುಮ್ಮನಿದ್ದನು
ಒಗೆದು ಕುಡುಗೋಲವ್ವ ನಡೆದಳು
ಮಗಳು ಗಂಡನ ಮನೆಗೆ ಹೋದರೆ ಹೊಲಕೆ ಬರಗಾಲ

*

ತಿದ್ದುವುದೇನೂ ಇಲ್ಲ. ನಾಲ್ಕನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಡಿಮೀಟರ್ ಸ್ತೋತ್ರದಲ್ಲಿ ಕತೆ ಹೀಗೇ ಇದೆ. ಹುಡುಗಿ ಹೂ ಕೀಳುತ್ತಿದ್ದಾಳೆ. ಒಂದೇ ಬುಡದಲ್ಲಿ ನೂರು ಹೂ ಬಿಟ್ಟ ನಾರ್ಸಿಸಸ್ ಕಾಣುತ್ತದೆ. ಎರಡೂ ಕೈ ಚಾಚುತ್ತಾಳೆ. ನೆಲ ಬಾಯಿ ಬಿಡುತ್ತದೆ, ಪಾತಾಳದ ದೊರೆ ಹೇಡೀಸ್ ಬಂಗಾರದ ರಥದಲ್ಲಿ ಎತ್ತಿಕೊಂಡು ಹೋಗುತ್ತಾನೆ. ಅವಳು ಕೂಗಿ ಕರೆದದ್ದು ಅಪ್ಪ ಝ್ಯೂಸ್‌ನನ್ನು. ಕೊಟ್ಟವನೇ ಅವನು. ಅಮ್ಮನನ್ನು ಯಾರೂ ಕೇಳಿರಲಿಲ್ಲ.

ನನಗೆ ಸಮಸ್ಯೆಯ ಗಂಟು ಕಾಣುವುದು ಇಲ್ಲೇ. ಮಗಳು ಹೋದ ದಿನವೇ ಹೊಲ ಒಣಗಲಿಲ್ಲ. ಡಿಮೀಟರ್ ಒಂಬತ್ತು ದಿನ ಪಂಜು ಹಿಡಿದು ಹುಡುಕಿದಳು. ಬಾಯಿಗೆ ಏನೂ ಹಾಕಲಿಲ್ಲ, ಮೈಗೆ ನೀರು ಮುಟ್ಟಿಸಲಿಲ್ಲ. ಆಮೇಲೆ ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಎಂಬ ಊರಿನ ಬಾವಿಯ ಹತ್ತಿರ, ಆಲಿವ್ ಮರದ ನೆರಳಲ್ಲಿ ಕೂತಳು. ಅರಮನೆಯವರು ಒಳಗೆ ಕರೆದು ದ್ರಾಕ್ಷಾರಸ ಕೊಟ್ಟರು. ಬೇಡ ಅಂದಳು. ಜವೆಗೋಧಿ ಹಿಟ್ಟು, ನೀರು, ಪುದೀನದಂಥ ಸೊಪ್ಪು ಕಲಸಿದ್ದನ್ನು ಕೇಳಿ ಕುಡಿದಳು. ಅಲ್ಲಿ ತನಗೆ ಗುಡಿ ಕಟ್ಟಿಸಿಕೊಂಡು ಅದರೊಳಗೆ ಕೂತ ಮೇಲೆಯೇ ಒಂದು ವರ್ಷ ಬೀಜ ಮೊಳೆಯಲಿಲ್ಲ. ದೇವತೆಗಳೆಲ್ಲ ಒಬ್ಬೊಬ್ಬರಾಗಿ ಬಂದು ಬೇಡಿಕೊಂಡರೂ ಅವಳು ಏಳಲಿಲ್ಲ. ಆ ಕುಡುಗೋಲು ಸ್ತೋತ್ರದಲ್ಲಿ ಇಲ್ಲ, ಆದರೂ ಈ ಸಿಟ್ಟಿಗೆ ಅದು ತಕ್ಕ ಮಾತು.

ಛಂದಸ್ಸಿನವರಿಗೆ ಇನ್ನೊಂದು ವಿಷಯ. ಆ ಅರಮನೆಯಲ್ಲಿ ಮುಸುಕು ಹಾಕಿ ಮಾತಿಲ್ಲದೆ ಕೂತಿದ್ದ ದೇವಿಯನ್ನು ತಮಾಷೆ ಮಾಡಿ ನಗಿಸಿದವಳು ಇಯಾಂಬೆ ಎಂಬ ಸೇವಕಿ. ‘ಅಯಾಂಬ್’ ಎಂಬ ಗಣಕ್ಕೆ ಹೆಸರು ಬಂದದ್ದು ಅವಳಿಂದ ಎಂದು ಹಳೆಯ ಗ್ರೀಕರು ಹೇಳುತ್ತಿದ್ದರು. ಅದು ಲಘುವಿನ ಮೇಲೆ ಗುರು. ನಮ್ಮ ಷಟ್ಪದಿಯಲ್ಲಿ ಗಣದ ಮೊದಲಿಗೆ ಅದು ಬಂದರೆ ಲಯ ಮುಗ್ಗರಿಸುತ್ತದೆ, ಅಲ್ವಾ? ಅಲ್ಲಿ ಅದೇ ನಡಿಗೆಯಲ್ಲಿ ನಾಟಕದ ಮಾತುಗಳೆಲ್ಲ ಸಾಗುತ್ತವೆ.

*

ನನ್ನದು ಬೇರೆ ದಾರಿ, ಒಪ್ಪುತ್ತೀರೋ ಇಲ್ಲವೋ:

ಹಗೆವಿನೊಳಗಡೆ ಬೀಜ ಮಲಗಿದೆ
ಧಗೆಗೆ ಬಿರಿದಿದೆ ಬಯಲ ಮಣ್ಣೆದೆ
ಮುಗಿದ ಸುಗ್ಗಿಯ ಬೆನ್ನ ಹಿಂದೆಯೆ ಬಂತು ಕಡುಬೇಗೆ
ಮೊಗವ ತೋರಳು ಮಳೆಯ ತನಕವು
ಅಗಲಿ ತಾಯನು ಮಣ್ಣ ಬಸಿರಿಗೆ
ಮಗಳು ಗಂಡನ ಮನೆಗೆ ಹೋದರೆ ಹೊಲಕೆ ಬರಗಾಲ

ಗ್ರೀಸಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬಿತ್ತನೆ ಅಕ್ಟೋಬರ್ ಸುಮಾರಿಗೆ, ಕೊಯ್ಲು ಬೇಸಿಗೆಯ ಬಾಗಿಲಲ್ಲಿ. ಆಮೇಲೆ ಹೊಲ ಬರಡು. ಆ ತಿಂಗಳುಗಳಲ್ಲಿ ಕಾಳು ನೆಲದೊಳಗಿನ ಕಣಜದಲ್ಲಿ ಇರುತ್ತಿತ್ತು, ಪರ್ಸೆಫೊನಿ ಪಾತಾಳದಲ್ಲಿರುವುದೂ ಆಗಲೇ ಎಂದು ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ವಾದಿಸಿದ್ದರು. ಓದಿದ ಕೂಡಲೇ ನಮ್ಮಜ್ಜಿಯ ಊರಿನ ಹಗೇವು ನೆನಪಾಯಿತು. ಬಾಯಿ ತೆಗೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರನ್ನೂ ಇಳಿಸುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆರಿಹೋದರೆ ಮತ್ತೆ ಕಾಯಬೇಕು.

*

ಆಹಾ! ‘ಹಗೆವು’ ಪ್ರಾಸಕ್ಕೆಂದೇ ಕಾದು ಕೂತಿತ್ತು ಅನ್ನಿಸುತ್ತೆ. ಆದರೆ ಸ್ತೋತ್ರದ ಮಾತನ್ನೂ ಬಿಡುವಂತಿಲ್ಲ. ವಸಂತದ ಹೂಗಳು ಅರಳುವಾಗ ಮಗಳು ಮೇಲೆ ಬರುತ್ತಾಳೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅಂದರೆ ಅವಳಿಲ್ಲದ ಕಾಲ ಚಳಿಗಾಲ. ನಾನು ಸ್ತೋತ್ರದ ಕಡೆಯವನು. ಆದರೂ ಈ ಪದ್ಯದ ಬೀಜವನ್ನು ಮಗಳಲ್ಲ ಎನ್ನಲು ಬಾಯಿ ಬರುವುದಿಲ್ಲ.

*

ದಾಳಿಂಬೆಯನ್ನು ಎಲ್ಲರೂ ಮರೆತಿರಾ?

ಸಿಗಿದ ದಾಳಿಂಬೆಯಲಿ ಕೆಂಪನೆ
ಜಗಿದ ಕಾಳೊಂದರಲಿ ಸಿಕ್ಕಿತು
ಜಗದ ಸುಗ್ಗಿಯ ಕೀಲು ಕತ್ತಲ ದೊರೆಯ ಕೈಯೊಳಗೆ
ಮೊಗವನರಳಿಸಿ ಬಂದಳೆಂದರೆ
ಚಿಗುರು ಹೂವಿನ ಹಬ್ಬವೂರಿಗೆ
ಮಗಳು ಗಂಡನ ಮನೆಗೆ ಹೋದರೆ ಹೊಲಕೆ ಬರಗಾಲ

*

ಮರೆತಿರಲಿಲ್ಲ, ಯಾರಾದರೂ ತರಲಿ ಅಂತ ಕಾಯುತ್ತಿದ್ದೆ. ಪಾತಾಳದಲ್ಲಿ ಅದನ್ನು ತಿಂದದ್ದಕ್ಕೇ ಮಗಳು ಮೇಲೆ ಬಂದರೂ ವರ್ಷವರ್ಷ ಅಲ್ಲಿಗೆ ಮರಳಬೇಕು. ಒಂದೇ ಕಾಳು ಎಂದದ್ದು ಸರಿ, ಸ್ತೋತ್ರದಲ್ಲೂ ಒಂದೇ. ರೋಮನ್ ಕವಿ ಓವಿಡ್ ಒಂದು ಕಾವ್ಯದಲ್ಲಿ ಏಳು ಕಾಳು ಎನ್ನುತ್ತಾನೆ. ಲೆಕ್ಕವೂ ಬೇರೆ. ಸ್ತೋತ್ರದಲ್ಲಿ ವರ್ಷದ ಮೂರನೇ ಒಂದು ಪಾಲು ಪಾತಾಳ, ಉಳಿದದ್ದು ತಾಯಿಯ ಜೊತೆ. ಓವಿಡ್‌ನಲ್ಲಿ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ‘ಜಗಿದ’ ಎಂಬಲ್ಲಿ ಮಾತ್ರ ನನಗೊಂದು ತಕರಾರು. ಹೇಡೀಸ್ ಗುಟ್ಟಾಗಿ ಕೊಟ್ಟು ಬಲವಂತದಿಂದ ತಿನ್ನಿಸಿದ ಎಂದು ಮಗಳು ಅಮ್ಮನ ಹತ್ತಿರ ಹೇಳಿಕೊಳ್ಳುತ್ತಾಳೆ. ಆ ಬಲವಂತವನ್ನು ಎರಡನೇ ಸಾಲಿಗೆ ತರಲು ಆಗುತ್ತದೆಯೇ ನೋಡಿ.

ಡಿಮೀಟರ್ ತಾನೇ ಬಾಯಿಬಿಟ್ಟು ಮಾತಾಡುವ ಪೂರಣ ಇನ್ನೂ ಒಂದೂ ಬಂದಿಲ್ಲ. ಭಾನುವಾರ ರಾತ್ರಿಯ ತನಕ ಕಾಯುತ್ತೇನೆ.